ನಿದ್ದೆಯಲ್ಲಿ ಲೆಕ್ಕ ಬಿಡಿಸಿದ್ದು ಯಾರು?

ಪ್ರಶ್ನೆ: ನಾನು ಹಾಸನದಲ್ಲಿ ಕೆಲಸ ಮಾಡುತ್ತೇನೆ. ದಿನಾ ಸ್ಕೂಟರಿನಲ್ಲಿ ಮನೆಗೆ ಬರುತ್ತೇನೆ. ಎಷ್ಟೋ ಸಲ ಗೇಟಿನ ಮುಂದೆ ಗಾಡಿ ನಿಲ್ಲಿಸಿದಾಗ ದಾರಿಯಲ್ಲಿ ಏನು ಕಂಡೆ ಅನ್ನುವುದೇ ನೆನಪಿರುವುದಿಲ್ಲ. ಕಳೆದ ತಿಂಗಳು ಪಿಯುಸಿ ಓದುವ ಮಗಳು ರಾತ್ರಿ ಹನ್ನೊಂದರವರೆಗೆ ಒಂದು ಲೆಕ್ಕದ ಹಿಂದೆ ಬಿದ್ದು, ಆಗದೆ ಮಲಗಿದಳು. ಬೆಳಿಗ್ಗೆ ಹಲ್ಲುಜ್ಜುವಾಗ ದಾರಿ ಹೊಳೆಯಿತಂತೆ. ಹಾಗಾದರೆ ನಮಗೆ ಗೊತ್ತೇ ಆಗದ ಹಾಗೆ ಮೆದುಳು ಇಷ್ಟು ದೊಡ್ಡ ಕೆಲಸ ಮಾಡುತ್ತದೆಯೇ? ಮಲಗಿದಾಗ ಹಾಕಿಟ್ಟರೆ ಪಾಠ ತಾನಾಗಿ ತಲೆಗೆ ಹೋಗುತ್ತದೆ ಅನ್ನುವ ಆಡಿಯೋ ಪಾಠಗಳನ್ನು ಕೊಡಿಸು ಅಂತ ಅವಳು ಕೇಳುತ್ತಿದ್ದಾಳೆ. ಕೊಡಿಸಲೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದರಲ್ಲಿ ನಿಮ್ಮ ದುಡ್ಡಿದೆ. ಕೊಡಿಸಬೇಡಿ. ಇದನ್ನು ತುಂಬ ಹಿಂದೆಯೇ ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ಚಾರ್ಲ್ಸ್ ಸೈಮನ್ ಮತ್ತು ವಿಲಿಯಂ ಎಮನ್ಸ್ ಮಲಗಿದವರಿಗೆ ರಾತ್ರಿಯಿಡೀ ಪ್ರಶ್ನೆ, ಉತ್ತರಗಳನ್ನು ಕೇಳಿಸಿದರು. ಜೊತೆಗೆ ಮೆದುಳಿನ ವಿದ್ಯುತ್ ಅಲೆಗಳನ್ನೂ ದಾಖಲು ಮಾಡಿದರು. ಯಾವ ಪ್ರಶ್ನೆ ಕೇಳಿಸಿದಾಗ ಆ ಮನುಷ್ಯ ನಿಜವಾಗಿ ನಿದ್ದೆಯಲ್ಲಿದ್ದ, ಯಾವಾಗ ಅರೆ ಎಚ್ಚರದಲ್ಲಿದ್ದ ಅಂತ ಅಲೆ ನೋಡಿದರೆ ತಿಳಿಯುತ್ತದೆ. 1956ರಲ್ಲಿ ಅವರು ಫಲಿತಾಂಶ ಪ್ರಕಟಿಸಿದರು. ಅರೆ ಎಚ್ಚರದಲ್ಲಿ ಕೇಳಿದ್ದು ಅಷ್ಟಿಷ್ಟು ನೆನಪಿನಲ್ಲಿತ್ತು. ನಿದ್ದೆ ಹತ್ತಿದ ಮೇಲೆ ಕೇಳಿಸಿದ್ದು ಬೆಳಿಗ್ಗೆ ನೆನಪಿಗೆ ಬರಲಿಲ್ಲ. ಆಡಿಯೋದಿಂದ ಏನಾದರೂ ಉಳಿದರೆ ಅದು ನಿದ್ದೆ ಕೆಟ್ಟ ಹೊತ್ತಿನಲ್ಲಿ ಉಳಿದದ್ದು. ಓದುವ ಮಗುವಿಗೆ ನಿದ್ದೆ ಕೆಡುವುದೇ ದೊಡ್ಡ ನಷ್ಟ.

ಹಾಗಂತ ಮಲಗಿರುವ ಮೆದುಳು ಕಿವುಡಲ್ಲ. 2014ರಲ್ಲಿ ಪ್ಯಾರಿಸ್‌ನ ಸಿಡ್ ಕುಯ್ಡೆರ್ ಮತ್ತು ಜೊತೆಗಾರರು ಒಂದು ಚೆಂದದ ಪ್ರಯೋಗ ಮಾಡಿದರು. ಎಚ್ಚರ ಇರುವಾಗ ಜನರಿಗೆ ಒಂದೊಂದೇ ಪದ ಕೇಳಿಸಿದರು. ಪ್ರಾಣಿಯ ಹೆಸರಾದರೆ ಒಂದು ಕೈಯ ಗುಂಡಿ, ವಸ್ತುವಿನ ಹೆಸರಾದರೆ ಇನ್ನೊಂದು ಕೈಯದು. ಒತ್ತುತ್ತಾ ಒತ್ತುತ್ತಾ ಅವರು ನಿದ್ದೆಗೆ ಜಾರಿದರು. ಪದಗಳು ನಿಲ್ಲಲಿಲ್ಲ, ಹೊಸ ಪದಗಳು ಬರುತ್ತಲೇ ಇದ್ದವು. ಕೈ ಅಲ್ಲಾಡುವುದು ನಿಂತರೂ, ಸರಿಯಾದ ಕೈಯಿಂದ ಒತ್ತಲು ಮೆದುಳು ನಡೆಸುವ ತಯಾರಿ ಅಲೆಗಳಲ್ಲಿ ಕಾಣುತ್ತಿತ್ತು. ಅಂದರೆ ಪದದ ಅರ್ಥ ತಿಳಿದು, ವಿಂಗಡಿಸಿ, ಕೈ ಆಡಿಸಲು ತಯಾರಾಗುವಷ್ಟು ಕೆಲಸ ನಿದ್ದೆಯಲ್ಲೇ ಆಗುತ್ತಿತ್ತು. ಆದರೆ ಎದ್ದ ಮೇಲೆ ಆ ಪದಗಳಲ್ಲಿ ಯಾವುದೂ ಅವರಿಗೆ ನೆನಪಿರಲಿಲ್ಲ. ಎಚ್ಚರದಲ್ಲಿ ರೂಢಿಯಾದ ಕೆಲಸ ಮುಂದೆ ಸಾಗಿತು, ಹೊಸ ವಿಷಯ ಒಳಗೆ ನಿಲ್ಲಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಈಗ ನಿಮ್ಮ ಸ್ಕೂಟರು. ಇದು ಎಲ್ಲರೂ ಕೊಡುವ ಉದಾಹರಣೆ. ಆದರೆ ನನಗೆ ಇದು ಅಷ್ಟು ಗಟ್ಟಿ ಅನ್ನಿಸುವುದಿಲ್ಲ. ದಾರಿ ನೆನಪಿಲ್ಲ ಅಂದ ಮಾತ್ರಕ್ಕೆ ದಾರಿಯುದ್ದಕ್ಕೂ ಅರಿವೇ ಇರಲಿಲ್ಲ ಅಂತ ಹೇಳಲಾಗುವುದಿಲ್ಲ ಅಲ್ವಾ? ನಡುದಾರಿಯಲ್ಲಿ ಯಾರಾದರೂ ನಿಲ್ಲಿಸಿ 'ಈಗ ಎದುರಿಗೆ ಹೋದದ್ದು ಲಾರಿಯೋ ಬಸ್ಸೋ' ಅಂತ ಕೇಳಿದ್ದರೆ ನೀವು ಹೇಳುತ್ತಿದ್ದಿರಿ. ಹತ್ತು ನಿಮಿಷ ಕಳೆದ ಮೇಲೆ ಅದು ಅಳಿಸಿಹೋಗಿದೆ, ಅಷ್ಟೇ. ಆ ಕ್ಷಣದ ಅರಿವು ಬೇರೆ, ಆಮೇಲಿನ ನೆನಪು ಬೇರೆ. ಈ ಎರಡನ್ನು ಬೇರ್ಪಡಿಸುವುದೇ, ಅರಿವನ್ನು ಅಧ್ಯಯನ ಮಾಡುವ ನಮ್ಮ ಕ್ಷೇತ್ರದ ದೊಡ್ಡ ತಲೆನೋವು. 'ನನಗೆ ಗೊತ್ತೇ ಆಗಲಿಲ್ಲ' ಅಂತ ಒಬ್ಬರು ಹೇಳಿದಾಗ, ಗೊತ್ತಾಗಲಿಲ್ಲವೋ, ಗೊತ್ತಾಗಿ ಮರೆಯಿತೋ, ಮಸುಕಾಗಿ ಗೊತ್ತಾದದ್ದನ್ನು ಹೇಳಲು ಧೈರ್ಯ ಬರಲಿಲ್ಲವೋ? ಮೂರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. (ಇನ್ನೊಂದು ಮಾತು: ಮನಸ್ಸು ಎಲ್ಲೋ ಇದ್ದಾಗಲೂ ಗಾಡಿ ಸಾಗುತ್ತದೆ, ನಿಜ. ಆದರೆ ಮಗುವೊಂದು ಅಡ್ಡ ಓಡಿದಾಗ ಬ್ರೇಕ್ ಹಿಡಿಯುವುದು ತಡವಾಗುತ್ತದೆ. ದಯವಿಟ್ಟು ದಾರಿಯ ಕಡೆ ಗಮನ ಇಡಿ.)

ಇದಕ್ಕಿಂತ ಒಳ್ಳೆಯ ಉದಾಹರಣೆ ನಿಮ್ಮ ಬಾಯಲ್ಲೇ ಇದೆ. ನಾವು 'ಮರಕ್ಕೆ' ಅನ್ನುತ್ತೇವೆ, 'ಮನೆಗೆ' ಅನ್ನುತ್ತೇವೆ, 'ಊರಿಗೆ' ಅನ್ನುತ್ತೇವೆ. 'ಮರಗೆ' ಅನ್ನುವುದಿಲ್ಲ, 'ಮನೆಕ್ಕೆ' ಅನ್ನುವುದಿಲ್ಲ. ಪದದ ಕೊನೆಯ ಸ್ವರ ನೋಡಿ ಪ್ರತ್ಯಯ ಬದಲಾಗುತ್ತದೆ. ಬರೀ ಸ್ವರ ಅಷ್ಟೇ ಆಗಿದ್ದರೆ ಸುಲಭವಿತ್ತು. 'ಮರ', 'ಅಣ್ಣ' ಎರಡೂ 'ಅ'ಕಾರದಲ್ಲೇ ಮುಗಿಯುತ್ತವೆ. ಆದರೂ 'ಮರಕ್ಕೆ ನೀರು ಹಾಕು, ಅಣ್ಣನಿಗೆ ಊಟ ಹಾಕು' ಅನ್ನುತ್ತೇವೆ. ಮನುಷ್ಯನೋ ವಸ್ತುವೋ ಅನ್ನುವುದನ್ನೂ ಲೆಕ್ಕಕ್ಕೆ ತಗೊಂಡೇ ಪ್ರತ್ಯಯ ಆರಿಸಬೇಕು. ಶಾಲೆಗೆ ಇನ್ನೂ ಸೇರದ ಮಗು ಇದನ್ನು ಮಾತಿನ ವೇಗದಲ್ಲಿ, ಆಟದ ನಡುವೆ ಮಾಡಿಬಿಡುತ್ತದೆ. ನಿಯಮ ಏನು ಅಂತ ಕೇಳಿದರೆ ಮಗುವಿಗಿರಲಿ, ಅಮ್ಮನಿಗೂ ಗೊತ್ತಿರುವುದಿಲ್ಲ. ಇಲ್ಲಿ ಮರೆವಿನ ಪ್ರಶ್ನೆ ಬರುವುದಿಲ್ಲ. ಆ ಆಯ್ಕೆ ಯಾವತ್ತೂ ಅರಿವಿನ ಮುಂದೆ ಬಂದೇ ಇಲ್ಲ. ನಮಗೆ ಗೊತ್ತಾಗುವುದು ಹೇಳಬೇಕಾದ ಮಾತು ಮಾತ್ರ. ಮಾತು ಕಟ್ಟುವ ಕೆಲಸ ಗೊತ್ತಾಗುವುದಿಲ್ಲ. ಅರಿವಿಲ್ಲದೆ ಸಂಕೀರ್ಣ ಕೆಲಸ ನಡೆಯುತ್ತದೆಯೇ ಅಂತ ಯಾರು ಕೇಳಿದರೂ ನಾನು ಮೊದಲು ತೋರಿಸುವುದು ಇದನ್ನೇ.

ಕಣ್ಣಿನ ವಿಷಯದಲ್ಲಿ ಇನ್ನೂ ಬೆರಗಿನ ಸಂಗತಿ ಇದೆ. ಇಂಗ್ಲೆಂಡಿನಲ್ಲಿ ಒಬ್ಬ ರೋಗಿಗೆ ಮೆದುಳಿನ ಹಿಂಭಾಗದ ಶಸ್ತ್ರಚಿಕಿತ್ಸೆ ಆಯಿತು. ಎಡಬದಿಯ ನೋಟ ಹೋಯಿತು. ಲಾರೆನ್ಸ್ ವೈಸ್ಕ್ರಾಂಟ್ಜ್ ಮತ್ತು ಸಂಗಡಿಗರು ಆ ಕುರುಡು ಭಾಗದಲ್ಲಿ ಬೆಳಕಿನ ಚುಕ್ಕೆ ತೋರಿಸಿ, 'ಎಲ್ಲಿದೆ, ಬೆರಳು ಮಾಡಿ' ಅಂದರು. 'ನನಗೇನೂ ಕಾಣುತ್ತಿಲ್ಲ' ಅಂದ ಆ ಮನುಷ್ಯ. 'ಪರವಾಗಿಲ್ಲ, ಸುಮ್ನೆ ಊಹೆ ಮಾಡಿ' ಅಂದರು. ಊಹೆ ಅಂತ ಮಾಡಿದ ಬೆರಳು ಹೆಚ್ಚು ಕಡಿಮೆ ಸರಿಯಾದ ಜಾಗಕ್ಕೇ ಹೋಗುತ್ತಿತ್ತು! 1974ರಲ್ಲಿ ಇದು ಪ್ರಕಟವಾಯಿತು. 'ಬ್ಲೈಂಡ್‌ಸೈಟ್' ಅಂತ ಹೆಸರಾಯಿತು, ಕುರುಡುನೋಟ ಅನ್ನೋಣ. 2008ರಲ್ಲಿ ಬಿಯಾಟ್ರಿಸ್ ಡಿ ಗೆಲ್ಡರ್ ಮತ್ತು ಸಂಗಡಿಗರು ಇನ್ನೊಬ್ಬರ ಬಗ್ಗೆ ಬರೆದರು. ಎರಡು ಸಲ ಪಾರ್ಶ್ವವಾಯು ಹೊಡೆದು ಮೆದುಳಿನ ಎರಡೂ ಬದಿಯ ಮುಖ್ಯ ದೃಷ್ಟಿಭಾಗ ಹಾಳಾಗಿತ್ತು. ಮಾಮೂಲು ದಿನಗಳಲ್ಲಿ ಕೋಲು ಹಿಡಿದು ನಡೆಯುವವರು. ಕೋಲಿಲ್ಲದೆ ಒಂದು ಉದ್ದ ಕಾರಿಡಾರಿನಲ್ಲಿ ನಡೆಯಲು ಹೇಳಿದರು, ನೆಲದ ಮೇಲೆ ಡಬ್ಬ, ಕುರ್ಚಿ ಥರದ ಅಡಚಣೆ ಇಟ್ಟಿದ್ದರು. ಅವರು ಯಾವುದನ್ನೂ ಎಡವದೆ, ಬದಿಗೆ ಸರಿದು ನಡೆದುಹೋದರು. ಕಣ್ಣಿನಿಂದ ಮೆದುಳಿಗೆ ಹೋಗುವ ದಾರಿ ಒಂದೇ ಅಲ್ಲ. ದೊಡ್ಡ ದಾರಿ ಮುಚ್ಚಿದರೂ, ನಡಿಗೆಗೆ ಬೇಕಾದ ಸುದ್ದಿ ಒಳದಾರಿಗಳಲ್ಲಿ ಸಾಗುತ್ತದೆ. ಇಂಥ ರೋಗಿಗಳಿಗೆ ಮಸುಕಾಗಿ ಏನೋ ಅರಿವಿಗೆ ಬರುತ್ತಿರಬಹುದು ಅನ್ನುವ ವಿದ್ವಾಂಸರೂ ಇದ್ದಾರೆ, ಆ ಚರ್ಚೆ ಮುಗಿದಿಲ್ಲ.

ಹಾಗಾದರೆ ಲೆಕ್ಕ? ನಿಮ್ಮ ಪ್ರಶ್ನೆಯ ತಿರುಳು ಇದೇ. ಕಳೆದ ಹದಿನೈದು ವರ್ಷಗಳಲ್ಲಿ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಜಗಳ ಆಗಿರುವುದೂ ಇಲ್ಲೇ.

ಸಣ್ಣ ಹೆಜ್ಜೆಯಿಂದ ನೋಡೋಣ. 1998ರಲ್ಲಿ ಸ್ಟಾನಿಸ್ಲಾಸ್ ದೆಹೆನ್ ಮತ್ತು ಸಂಗಡಿಗರು ಪರದೆಯ ಮೇಲೆ ಒಂದು ಸಂಖ್ಯೆಯನ್ನು 43 ಮಿಲಿಸೆಕೆಂಡು ಮಾತ್ರ ತೋರಿಸಿದರು. ಹಿಂದೆ ಮುಂದೆ ಅಕ್ಷರಗಳ ಗೋಜಲು. ಯಾರಿಗೂ ಆ ಸಂಖ್ಯೆ ಕಾಣುತ್ತಿರಲಿಲ್ಲ. ಆಮೇಲೆ ಚೆನ್ನಾಗಿ ಕಾಣುವ ಇನ್ನೊಂದು ಸಂಖ್ಯೆ. ಅದು 5ಕ್ಕಿಂತ ದೊಡ್ಡದೋ ಚಿಕ್ಕದೋ ಅಂತ ಹೇಳಬೇಕು. ಕಾಣದ ಸಂಖ್ಯೆಯೂ ಅದೇ ಕಡೆಯದಾಗಿದ್ದರೆ ಉತ್ತರ ಬೇಗ ಬರುತ್ತಿತ್ತು. ಬೇರೆ ಕಡೆಯದಾಗಿದ್ದರೆ ತಡವಾಗುತ್ತಿತ್ತು. ಅಂದರೆ ಕಾಣದ ಸಂಖ್ಯೆಯನ್ನೂ ಮೆದುಳು 5ರ ಜೊತೆ ಹೋಲಿಸಿತ್ತು. ಒಂದು ಹೆಜ್ಜೆಯ ಕೆಲಸ ಅರಿವಿಲ್ಲದೆ ಆಗುತ್ತದೆ ಅನ್ನುವುದಕ್ಕೆ ಇದು ಗಟ್ಟಿ ಸಾಕ್ಷಿ.

2012ರಲ್ಲಿ ಇದಕ್ಕಿಂತ ಬಹಳ ದೊಡ್ಡ ಮಾತು ಬಂತು. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ರಾನ್ ಹಾಸಿನ್ ಅವರ ತಂಡ, ಅರಿವಿಲ್ಲದೆ ವಾಕ್ಯ ಓದುವುದೂ ಲೆಕ್ಕ ಮಾಡುವುದೂ ಸಾಧ್ಯ ಅಂದಿತು. ಅವರ ಉಪಾಯ ಹೀಗೆ: ಒಂದು ಕಣ್ಣಿಗೆ ಬಣ್ಣ ಬಣ್ಣದ ಚೌಕಗಳು ಸೆಕೆಂಡಿಗೆ ಹಲವು ಸಲ ಬದಲಾಗುತ್ತಾ ಹೊಡೆಯುತ್ತಿರುತ್ತವೆ. ಇನ್ನೊಂದು ಕಣ್ಣಿಗೆ ಮಂಕಾಗಿ '9 − 3 − 4' ಅಂತ ಬರೆದದ್ದು. ಬಣ್ಣದ ಅಬ್ಬರದಲ್ಲಿ ಮಂಕಾದದ್ದು ಅರಿವಿಗೆ ಬರುವುದಿಲ್ಲ, ಸೆಕೆಂಡುಗಟ್ಟಲೆ ಹಾಗೇ ಅಡಗಿರಬಲ್ಲದು. ಆಮೇಲೆ ಕಾಣುವಂತೆ ಒಂದು ಅಂಕೆ ಬರುತ್ತದೆ, ಅದನ್ನು ಜೋರಾಗಿ ಓದಬೇಕು. ಆ ಅಂಕೆ 2 ಆಗಿದ್ದರೆ, ಅಂದರೆ ಅಡಗಿದ ಲೆಕ್ಕದ ಉತ್ತರವೇ ಆಗಿದ್ದರೆ, ಜನ ಸ್ವಲ್ಪ ಬೇಗ ಓದಿದರು. ಕಳೆಯುವ ಲೆಕ್ಕಕ್ಕೆ ಹೀಗಾಯಿತು, ಕೂಡುವ ಲೆಕ್ಕಕ್ಕೆ ಆಗಲಿಲ್ಲ. ಆಗಲೇ ಕೆಲವರ ಹುಬ್ಬು ಮೇಲೇರಿತ್ತು.

ಆಮೇಲೆ ಬೇರೆಯವರು ಕೂತು ಆ ಅಂಕಿಅಂಶವನ್ನೆಲ್ಲ ಮತ್ತೆ ಕೆದಕಿದರು. ದೋಷ ಎಲ್ಲಿತ್ತು ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇದು ಬರೀ ಈ ಪ್ರಯೋಗದ ಕಥೆ ಅಲ್ಲ. ಇಂಥ ಪ್ರಯೋಗಗಳಲ್ಲಿ, ಯಾರಿಗೆ ಲೆಕ್ಕ ಕಂಡಿತ್ತು, ಯಾರಿಗೆ ಕಂಡಿರಲಿಲ್ಲ ಅಂತ ಕೊನೆಯಲ್ಲಿ ಒಂದು ಚಿಕ್ಕ ಪರೀಕ್ಷೆ ಇಡುತ್ತಾರೆ. ಕಂಡವರನ್ನು ತೆಗೆದುಹಾಕಿ, ಕಾಣದವರ ಲೆಕ್ಕ ಮಾತ್ರ ಇಟ್ಟುಕೊಳ್ಳುತ್ತಾರೆ. ಕೇಳಲು ಸರಿಯಾಗೇ ಇದೆ. ಈಗ ನಿಮ್ಮ ಮಗಳ ಕಾಲೇಜನ್ನು ನೆನೆಸಿಕೊಳ್ಳಿ. ಹತ್ತು ಅಂಕದ ಒಂದು ಟೆಸ್ಟ್ ಕೊಟ್ಟು, ಅತಿ ಕಡಿಮೆ ಬಂದ ಹತ್ತು ಮಂದಿಯನ್ನು ಆರಿಸಿದಿರಿ. ಅವರಲ್ಲಿ ನಿಜಕ್ಕೂ ಬಾರದವರು ಇರುತ್ತಾರೆ. ಬರುತ್ತಿದ್ದರೂ ಆವತ್ತು ಜ್ವರ ಬಂದವರು, ಪ್ರಶ್ನೆ ತಪ್ಪು ಓದಿದವರೂ ಇರುತ್ತಾರೆ. ಏನೂ ಪಾಠ ಮಾಡದೆ ಮರುವಾರ ಇನ್ನೊಂದು ಟೆಸ್ಟ್ ಕೊಟ್ಟರೆ, ಈ ಹತ್ತು ಮಂದಿಯ ಸರಾಸರಿ ತಾನಾಗಿ ಸ್ವಲ್ಪ ಮೇಲೇರುತ್ತದೆ. ಯಾರೂ ಜಾಣರಾಗಿಲ್ಲ, ಮೊದಲ ಟೆಸ್ಟ್ ಅವರನ್ನು ತಪ್ಪು ಅಳೆದಿತ್ತು. ಅರಿವಿನ ಪ್ರಯೋಗದಲ್ಲೂ ಇದೇ ಆಗುತ್ತದೆ. 'ಕಾಣಲಿಲ್ಲ' ಅನ್ನುವ ಗುಂಪಿನಲ್ಲಿ ಅಲ್ಪಸ್ವಲ್ಪ ಕಂಡವರೂ ಸೇರಿಕೊಂಡಿರುತ್ತಾರೆ. ಅವರ ಪರಿಣಾಮವನ್ನು ನಾವು 'ಅರಿವಿಲ್ಲದ ಲೆಕ್ಕ' ಅಂತ ಕರೆದುಬಿಡುತ್ತೇವೆ. ಲಂಡನ್ನಿನ ಡೇವಿಡ್ ಶ್ಯಾಂಕ್ಸ್ 2017ರಲ್ಲಿ ಇದನ್ನು ಬಿಡಿಸಿ ತೋರಿಸಿದರು. 2018ರಲ್ಲಿ ಪೀಟರ್ ಮೂರ್ಸ್ ಮತ್ತು ಗಿಡೊ ಹೆಸೆಲ್‌ಮನ್ ಆ ಲೆಕ್ಕದ ಪ್ರಯೋಗದ ಅಂಕಿಅಂಶವನ್ನೇ ಮತ್ತೆ ವಿಶ್ಲೇಷಿಸಿದಾಗ ಸಾಕ್ಷಿ ತೆಳುವಾಯಿತು. ವಾಕ್ಯದ ಕಥೆಯೂ ಹೆಚ್ಚು ಕಡಿಮೆ ಅದೇ. 'ಕಾಫಿಗೆ ಇಸ್ತ್ರಿ ಹಾಕಿದೆ' ಎಂಬಂಥ ಎಡವಟ್ಟು ವಾಕ್ಯ ಅರಿವಿಗೆ ಬೇಗ ನುಗ್ಗಿಬರುತ್ತದೆ ಅಂತ ಮೂಲ ತಂಡ ಹೇಳಿತ್ತು. ಎಡಿನ್‌ಬರೋದಲ್ಲಿ ಹ್ಯೂ ರಬಾಗ್ಲಿಯಾಟಿ ಮತ್ತು ಸಂಗಡಿಗರು ಮತ್ತೆ ಮಾಡಿ ನೋಡಿದಾಗ ಹಾಗಾಗಲಿಲ್ಲ.

ನನ್ನ ಮಟ್ಟಿಗೆ ಈ ಪ್ರಶ್ನೆಯನ್ನು ಅತಿ ನೇರವಾಗಿ ಕೇಳಿದವರು ಜೆರೋಮ್ ಸಾಕ್ಯೂರ್ ಮತ್ತು ದೆಹೆನ್, 2009ರಲ್ಲಿ. ಅವರು ಬಳಸಿದ್ದು 2, 4, 6, 8 ಎಂಬ ನಾಲ್ಕೇ ಅಂಕೆ. ಅಂಕೆಯನ್ನು ಕಾಣದಂತೆ ಮಿಂಚಿಸಿ, ಊಹೆ ಮಾಡಿಸಿದರು. 5ರ ಜೊತೆ ಹೋಲಿಸುವಂಥ ಒಂದೇ ಹೆಜ್ಜೆಯ ಕೆಲಸ ಕೊಟ್ಟಾಗ, 'ಏನೂ ಕಾಣಲಿಲ್ಲ' ಅನ್ನುವವರ ಊಹೆಯೂ ಬರೀ ಅದೃಷ್ಟಕ್ಕಿಂತ ಜಾಸ್ತಿ ಸರಿಯಾಗುತ್ತಿತ್ತು. ಆಮೇಲೆ ಎರಡು ಹೆಜ್ಜೆ ಜೋಡಿಸಿದರು: ಮೊದಲು 2 ಕೂಡು, ಬಂದ ಉತ್ತರವನ್ನು 5ರ ಜೊತೆ ಹೋಲಿಸು. ಒಂದನೇ ತರಗತಿಯ ಲೆಕ್ಕ. ಅಷ್ಟಕ್ಕೇ ಊಹೆ ನಾಣ್ಯ ಚಿಮ್ಮಿದಂತಾಯಿತು, ಅರ್ಧಕ್ಕರ್ಧ ಸರಿ, ಅರ್ಧಕ್ಕರ್ಧ ತಪ್ಪು. ಮೊದಲ ಹೆಜ್ಜೆಯ ಉತ್ತರವನ್ನು ಕೈಯಲ್ಲಿ ಹಿಡಿದು ಎರಡನೆಯದಕ್ಕೆ ದಾಟಿಸುವವರು ಯಾರೂ ಇರಲಿಲ್ಲ. ಆ ದಾಟಿಸುವ ಕೆಲಸಕ್ಕೆ ಅರಿವು ಬೇಕು.

ಇದನ್ನು ನೂರು ವರ್ಷ ಮೊದಲೇ ತನ್ನ ಮೇಲೇ ಗಮನಿಸಿ ಹೇಳಿದ ಒಬ್ಬರಿದ್ದಾರೆ. ಫ್ರಾನ್ಸಿನ ದೊಡ್ಡ ಗಣಿತಜ್ಞ ಆನ್ರಿ ಪ್ವಾಂಕಾರೆ. ಅವರ ಬಸ್ಸಿನ ಕಥೆ ನೀವು ಕೇಳಿರಬಹುದು. ಒಂದು ಬಗೆಯ ಫಲನಗಳ (ಫಂಕ್ಷನ್) ಬಗ್ಗೆ ವಾರಗಟ್ಟಲೆ ತಿಣುಕಿದ್ದರು. ಆಮೇಲೆ ಒಂದು ಪ್ರವಾಸಕ್ಕೆ ಹೊರಟು ಗಣಿತ ಮರೆತರು. ಕುತಾನ್ಸ್ ಎಂಬ ಊರಿನಲ್ಲಿ ಕುದುರೆ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡುವಾಗ ಪಕ್ಕನೆ ಹೊಳೆಯಿತು: ಆ ಫಲನಗಳಿಗೆ ತಾನು ಬಳಸಿದ ರೂಪಾಂತರಗಳೂ, ಯೂಕ್ಲಿಡನದಲ್ಲದ ಜ್ಯಾಮಿತಿಯ ರೂಪಾಂತರಗಳೂ ಒಂದೇ! ಈ ಕಥೆಯನ್ನು ಅವರು 1908ರಲ್ಲಿ ಪ್ಯಾರಿಸ್‌ನ ಒಂದು ಉಪನ್ಯಾಸದಲ್ಲಿ ಹೇಳಿದರು. ಜನ ಕಥೆಯ ಇಷ್ಟು ಭಾಗವನ್ನೇ ಹೇಳುತ್ತಾರೆ. ಅದೇ ಉಪನ್ಯಾಸದಲ್ಲಿ ಅವರು ಇನ್ನೂ ಎರಡು ಮಾತು ಹೇಳಿದ್ದರು. ಅರಿವಿಲ್ಲದ ಕೆಲಸ ಫಲ ಕೊಡಬೇಕಾದರೆ ಅದಕ್ಕೆ ಮೊದಲೂ ಆಮೇಲೂ ಅರಿವಿನಿಂದ ಮಾಡಿದ ದುಡಿಮೆ ಇರಬೇಕು. ಮತ್ತೆ, ನಿಯಮ ಹಿಡಿದು ಮಾಡುವ ಉದ್ದನೆಯ ಲೆಕ್ಕದ ಸಿದ್ಧ ಉತ್ತರ ಯಾವತ್ತೂ ಹೀಗೆ ತಾನಾಗಿ ಬರುವುದಿಲ್ಲ. ಯಂತ್ರದಂತೆ ಮಾಡುವ ಕೆಲಸವಾದ್ದರಿಂದ ದೊಡ್ಡ ಗುಣಾಕಾರವೇ ಮಲಗಿದಾಗ ಆಗಿಬಿಡಬೇಕಿತ್ತು ಅನ್ನಿಸುತ್ತದೆ, ಆದರೆ ಆಗುವುದಿಲ್ಲ. ಬರುವುದು ಲೆಕ್ಕದ ಆರಂಭದ ತುದಿ ಮಾತ್ರ, ಲೆಕ್ಕವನ್ನು ಕೂತು ಮಾಡಲೇಬೇಕು. ಪ್ರಯೋಗಶಾಲೆ 2009ರಲ್ಲಿ ಅಳೆದು ಹೇಳಿದ್ದು ಈ ಮಾತಿಗೆ ಎಷ್ಟು ಹತ್ತಿರ ಇದೆ ನೋಡಿ.

ಈಗ ನಿಮ್ಮ ಮಗಳಿಗೆ ಬರೋಣ. ನೀವು ಬರೆದದ್ದು 'ದಾರಿ ಹೊಳೆಯಿತು' ಅಂತ. 'ಉತ್ತರ ಹೊಳೆಯಿತು' ಅಂತ ಅಲ್ಲ. ಬಾಯಿ ತೊಳೆದು ಬಂದು ಅವಳು ಪೆನ್ನು ಹಿಡಿದು ಕೂತಿರಬೇಕು. ಆ ದಾರಿ ಎಲ್ಲಿಂದ ಬಂತು? ಎರಡು ವಿವರಣೆ ಇವೆ. ಒಂದು, ರಾತ್ರಿ ಅವಳು ಒಂದು ತಪ್ಪು ದಾರಿಗೆ ಅಂಟಿಕೊಂಡಿದ್ದಳು. ಹಿಡಿದ ದಾರಿ ತಲೆಯಲ್ಲಿ ಬಿಸಿಯಾಗಿರುವಷ್ಟು ಹೊತ್ತು ಬೇರೆಯದು ಕಾಣುವುದಿಲ್ಲ. ಮಲಗಿ ಎದ್ದಾಗ ಅದು ತಣ್ಣಗಾಗಿತ್ತು, ಹೊಸ ಕಣ್ಣಿಗೆ ಬೇರೆ ದಾರಿ ಕಂಡಿತು. ಹೀಗಿದ್ದರೆ ಒಳಗೆ ಯಾರೂ ಗುಟ್ಟಾಗಿ ಲೆಕ್ಕ ಮಾಡಬೇಕಾಗಿಲ್ಲ. ಎರಡು, ಮಲಗಿದಾಗ ಮೆದುಳು ಹಗಲಿನ ನೆನಪುಗಳನ್ನು ಮತ್ತೆ ಓಡಿಸಿ ಮರುಜೋಡಣೆ ಮಾಡುತ್ತದೆ, ಅದರಲ್ಲಿ ಹೊಸ ಸಂಬಂಧ ಕಾಣಿಸಬಹುದು. 2004ರಲ್ಲಿ ಜರ್ಮನಿಯ ಲ್ಯೂಬೆಕ್‌ನ ಯಾನ್ ಬಾರ್ನ್ ಅವರ ತಂಡ ಜನರಿಗೆ ಅಂಕೆಗಳ ಒಂದು ಕೆಲಸ ಕೊಟ್ಟಿತು. ಅದರಲ್ಲಿ ಒಂದು ಅಡ್ಡದಾರಿ ಅಡಗಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ನಡುವೆ ಎಂಟು ಗಂಟೆ ಮಲಗಿ ಬಂದವರಲ್ಲಿ ಅದನ್ನು ಕಂಡುಹಿಡಿದವರು, ಎಚ್ಚರ ಇದ್ದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಆದರೆ ಮಲಗುವ ಮೊದಲು ಆ ಕೆಲಸ ಅಭ್ಯಾಸ ಮಾಡದೇ ಇದ್ದವರಿಗೆ ನಿದ್ದೆಯಿಂದ ಆ ಲಾಭ ಸಿಗಲಿಲ್ಲ. ನನಗೆ ಎರಡೂ ವಿವರಣೆ ನಿಜದ ಒಂದೊಂದು ಪಾಲು ಅನ್ನಿಸುತ್ತದೆ. ಹನ್ನೊಂದರವರೆಗಿನ ತಿಣುಕಾಟ ಇಲ್ಲದೆ ಎರಡೂ ಕೆಲಸ ಮಾಡುವುದಿಲ್ಲ.

ಇದೇ ಧಾಟಿಯಲ್ಲಿ ಇನ್ನೊಂದು ಸಲಹೆ ಓಡಾಡುತ್ತಿರುತ್ತದೆ: ದೊಡ್ಡ ನಿರ್ಧಾರವನ್ನು ಯೋಚನೆ ಮಾಡದೆ ಒಳಮನಸ್ಸಿಗೆ ಬಿಡಿ, ಅದು ಚೆನ್ನಾಗಿ ಆರಿಸುತ್ತದೆ ಅಂತ. 2006ರಲ್ಲಿ ನೆದರ್‌ಲ್ಯಾಂಡ್ಸ್‌ನ ಆಪ್ ಡೈಕ್ಸ್‌ಟರ್‌ಹೌಸ್ ಕಾರು ಆರಿಸುವ ಪ್ರಯೋಗದಿಂದ ಇದನ್ನು ಹೇಳಿದ್ದರು. 2015ರಲ್ಲಿ ಅದೇ ದೇಶದ ಬೇರೆ ತಂಡ 399 ಜನರ ಮೇಲೆ ಮಾಡಿ ನೋಡಿತು, ಆ ಲಾಭ ಕಾಣಲಿಲ್ಲ. ಮನೆ ಕೊಳ್ಳುವಾಗ ಕಾಗದ ಪೆನ್ನು ಹಿಡಿದೇ ಕೂತುಕೊಳ್ಳಿ.

'ಹಾಗಾದರೆ ಶಕುಂತಲಾ ದೇವಿ?' ಅಂತ ನೀವು ಕೇಳಬಹುದು. ನಮ್ಮ ಬೆಂಗಳೂರಿನವರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಮನೋವಿಜ್ಞಾನಿ ಆರ್ಥರ್ ಜೆನ್ಸನ್ ಆಮೇಲೆ ಅವರನ್ನು ಪರೀಕ್ಷಿಸಿದರು. 61,629,875ರ ಘನಮೂಲ 395, ಅದನ್ನು ಜೆನ್ಸನ್ ಪ್ರಶ್ನೆ ಬರೆದುಕೊಳ್ಳುವಷ್ಟರಲ್ಲಿ ಅವರು ಹೇಳಿ ಮುಗಿಸುತ್ತಿದ್ದರು. ಆದರೆ ದೀಪ ಹೊತ್ತಿದ ತಕ್ಷಣ ಗುಂಡಿ ಒತ್ತುವಂಥ ಸಾಮಾನ್ಯ ವೇಗದ ಪರೀಕ್ಷೆಗಳಲ್ಲಿ ಅವರು ಎಲ್ಲರಂತೆಯೇ ಇದ್ದರು. ಅವರ ಮೆದುಳು ಎಲ್ಲದರಲ್ಲೂ ಮಿಂಚಿನಂಥದ್ದಲ್ಲ, ಸಂಖ್ಯೆಯಲ್ಲಿ ಮಾತ್ರ. ಚಿಕ್ಕ ಹುಡುಗಿಯಾಗಿದ್ದಾಗಿಂದ ಸಂಖ್ಯೆಯ ಜೊತೆಗೇ ಬದುಕಿದವರು. ನಮಗೆ ಹತ್ತು ಹೆಜ್ಜೆಯಾಗಿ ಕಾಣುವುದು ಅವರಿಗೆ ಒಂದೇ ಹೆಜ್ಜೆಯಾಗಿತ್ತು ಅಂತ ನಾನು ಅರ್ಥ ಮಾಡಿಕೊಳ್ಳುತ್ತೇನೆ. ನಮಗೆ 'ಏಳೆಂಟ್ಲ ಐವತ್ತಾರು' ಒಂದೇ ಹೆಜ್ಜೆ, ಮಗ್ಗಿ ಕಲಿಯದ ಮಗುವಿಗೆ ಅದು ಎಂಟು ಸಲ ಕೂಡುವ ಕೆಲಸ. ಅಭ್ಯಾಸ ಮಾಡುವುದು ಇದನ್ನೇ. ಹೆಜ್ಜೆಗಳನ್ನು ಬೆಸೆದು ಒಂದು ಮಾಡುತ್ತದೆ, ಒಂದಾದದ್ದು ಅರಿವಿನ ಕೆಳಗೆ ಇಳಿಯುತ್ತದೆ, ಅರಿವು ಮುಂದಿನ ಕೆಲಸಕ್ಕೆ ಖಾಲಿಯಾಗುತ್ತದೆ. ನಿದ್ದೆಯಲ್ಲೂ ಪದ ವಿಂಗಡಿಸಿದವರನ್ನು ನೆನೆಸಿಕೊಳ್ಳಿ, ಅದೂ ಎಚ್ಚರದಲ್ಲಿ ರೂಢಿಯಾದ ಕೆಲಸವೇ.

ಅಷ್ಟಾವಧಾನ ನೋಡಿದ್ದೀರಾ? ನಮ್ಮ ಶತಾವಧಾನಿ ಆರ್. ಗಣೇಶ್ ಅವರಂಥವರು ಮಾಡುವುದನ್ನು ಈ ಕಣ್ಣಿನಿಂದ ಒಮ್ಮೆ ನೋಡಿ. ಎಂಟು ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಸುತ್ತ ಕೂತು ಒಬ್ಬರಾದ ಮೇಲೊಬ್ಬರು ಸವಾಲು ಹಾಕುತ್ತಾರೆ. ಅವಧಾನಿಗೆ ಛಂದಸ್ಸು ಉಸಿರಾಟದಷ್ಟು ಸಹಜ, ಗುರು ಲಘು ಎಣಿಸುತ್ತಾ ಕೂರುವುದಿಲ್ಲ. ಆದರೆ ನಿಷೇಧಾಕ್ಷರಿಯಲ್ಲಿ, ಅವಧಾನಿ ಕಟ್ಟುವ ಪದ್ಯದ ಒಂದು ಅಕ್ಷರ ಹೇಳಿದ ಕೂಡಲೇ ಪೃಚ್ಛಕ 'ಮುಂದೆ ಈ ಅಕ್ಷರ ಬರಕೂಡದು' ಅನ್ನುತ್ತಾರೆ. ಸಹಜವಾಗಿ ಬರಬೇಕಿದ್ದ ಪದದ ಬಾಗಿಲನ್ನೇ ಮುಚ್ಚುತ್ತಾರೆ. ಆಗ ರೂಢಿ ಕೈಕೊಡುತ್ತದೆ, ಅಲ್ಲಿಂದ ಮುಂದಿನ ಪ್ರತಿ ಅಕ್ಷರಕ್ಕೂ ಎಚ್ಚರ ಬೇಕು. ಛಂದಸ್ಸು ಕೆಳಗೆ ತಾನಾಗಿ ಸಾಗುತ್ತಿರುವುದರಿಂದಲೇ ಮೇಲೆ ಆ ಎಚ್ಚರಕ್ಕೆ ಜಾಗ ಸಿಗುವುದು. ಈ ಕಲೆಗೆ ನಮ್ಮ ಹಿರಿಯರು ಇಟ್ಟ ಹೆಸರೇ ಅವಧಾನ, ಅಂದರೆ ಗಮನ.

ಮಗಳಿಗೆ ಒಂದು ಕೆಲಸ ಹೇಳಿ. ಮುಂದಿನ ಸಲ ಲೆಕ್ಕ ಆಗದೆ ಮಲಗುವಾಗ, ಯಾವ ಯಾವ ದಾರಿ ಹಿಡಿದೆ, ಎಲ್ಲಿ ಸಿಕ್ಕಿಕೊಂಡೆ ಅಂತ ಎರಡು ಸಾಲು ಬರೆದಿಟ್ಟು ಮಲಗಲಿ. ಬೆಳಿಗ್ಗೆ ಹೊಳೆದದ್ದನ್ನು ಅದರ ಪಕ್ಕದಲ್ಲೇ ಬರೆಯಲಿ, ಏನೂ ಹೊಳೆಯದಿದ್ದರೆ ಅದನ್ನೂ ಬರೆಯಲಿ. ಹೊಳೆಯದ ಬೆಳಗುಗಳನ್ನು ನಾವು ಮರೆತುಬಿಡುತ್ತೇವೆ. ಹೊಳೆದದ್ದು ಹೊಸ ದಾರಿಯೋ, ಅಥವಾ ರಾತ್ರಿ ಅರ್ಧಕ್ಕೆ ಬಿಟ್ಟ ಹಳೆಯ ದಾರಿಯೋ ಅಂತ ಅವಳಿಗೇ ಗೊತ್ತಾಗುತ್ತದೆ. ಹತ್ತು ಹದಿನೈದು ಲೆಕ್ಕ ಆದ ಮೇಲೆ ಆ ಹಾಳೆಗಳನ್ನು ನನಗೆ ಕಳಿಸಿಕೊಟ್ಟರೆ ತುಂಬ ಸಂತೋಷ.